ಮರದ ಕಿವಿ

ಅಂಗೈಯಗಲದ ಬಾಯಿ ಇದಕ್ಕೆ, ಸಣ್ಣ ಸೊಂಟ,
ಇನ್ನೊಂದು ತುದಿಗೆ ನನ್ನ ಕಿವಿಯಷ್ಟೇ ತಟ್ಟೆ.
ಸೈಪ್ರೆಸ್ ಮರದ್ದು. ಕಡೆದವನು ದೋಣಿ ಕಟ್ಟುವ ಬಡಗಿ,
ಯಾವುದೋ ದೋಣಿಗೆ ಸಾಲದೆ ಉಳಿದ ತುಂಡಿನಲ್ಲಿ.
ಮೂವತ್ತೊಂದು ವರ್ಷ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ
ಚಿಲೋಎಯ ದ್ವೀಪದಿಂದ ದ್ವೀಪಕ್ಕೆ ಹೊತ್ತಿದ್ದೇನೆ.
ಮಂಗಳವಾರ ಆಲಾವೋ, ಬುಧವಾರ ಅಪಿಯಾವೋ,
ಗಾಳಿ ಬೇಡವೆಂದ ದಿನ ಎಲ್ಲಿಗೂ ಇಲ್ಲ.

ಬಸಿರಿಯರು ದಡದಲ್ಲೇ ಕಾಯುತ್ತಾರೆ,
ಉಗುರಲ್ಲಿ ಆಲೂಗಡ್ಡೆಯ ಮಣ್ಣು,
ಕಾಲಲ್ಲಿ ಗಂಡಂದಿರ ರಬ್ಬರ್ ಬೂಟು,
ಏಳನೇ ತಿಂಗಳಿಗೆ ತಮ್ಮವು ಹಿಡಿಸುವುದಿಲ್ಲ.
ಕಬ್ಬಿಣದ ಮಾತ್ರೆ ತಗೊಂಡೆಯಾ ಅಂದರೆ ತಗೊಂಡೆ.
ಕಣ್ಣಿನ ಕೆಳರೆಪ್ಪೆ ಎಳೆದರೆ ಒಳಗೆಲ್ಲ ಬಿಳಿಚು.
ಬೈಯುತ್ತೇನೆ. ನಗುತ್ತಾರೆ.
ಒಂದು ಬುಟ್ಟಿ ಕಪ್ಪೆಚಿಪ್ಪು ದೋಣಿಗೆ ಸುರಿಯುತ್ತಾರೆ.

ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿಸಿ
ಮೊದಲು ಕೈ: ಬೆನ್ನು ಎಲ್ಲಿ, ತಲೆ ಎಲ್ಲಿ.
ಆಮೇಲೆ ಕೊಳವೆ. ಕೈ ಬಿಟ್ಟುಬಿಡಬೇಕು,
ಕಿವಿಯ ಭಾರಕ್ಕೇ ಅದು ನಿಲ್ಲಬೇಕು.
ಹೊರಗೆ ಎರ್ವಿನ್ ಹೇಳದೆಯೇ ಎಂಜಿನ್ ಆರಿಸುತ್ತಾನೆ.
ದೂರ, ತುಂಬ ದೂರ, ಗೋಡೆಯಾಚೆ
ಯಾರೋ ಅವಸರದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಾರೆ.
ನೂರ ನಲವತ್ತು. ಬರೆದುಕೊಳ್ಳುತ್ತೇನೆ.

ಕೊಟ್ಟರೆ ಗಂಡ ಕೇಳಿಸಿಕೊಳ್ಳುತ್ತಾನೆ, ಟೋಪಿ ತೆಗೆದು.
ಅತ್ತೆ ಕೇಳಿಸಿಕೊಳ್ಳುತ್ತಾಳೆ.
ಆರು ವರ್ಷದ ಅಕ್ಕ ಕಿವಿಯಿಟ್ಟು, "ಮಾತೇ ಆಡ್ತಿಲ್ಲ" ಅನ್ನುತ್ತಾಳೆ.
ಕೇಳಲಾಗದವಳು ಒಬ್ಬಳೇ,
ಯಾರ ಹೊಟ್ಟೆಯೋ ಅವಳು.
ನೋಲ್ಫಾ ಚಿಗ್ವಾಯ್ ಒಮ್ಮೆ ಪ್ರಯತ್ನಿಸಿದಳು,
ಬೆಕ್ಕಿನ ಹಾಗೆ ಮಡಚಿಕೊಂಡು, ಬೆವರಿ, ಸೋತು ನಕ್ಕಳು:
"ನಿಮ್ಮೆಲ್ಲರ ಮುಖ ನೋಡಿಯೇ ತಿಳಿಯಬೇಕು ನಾನು."

ಮುಖ. ನನ್ನ ಕಸುಬಿನ ಅರ್ಧ ಅದೇ.

ಅವಳದೇ ಎರಡನೆಯದು. ಮೂವತ್ತನಾಲ್ಕನೇ ವಾರ.
ಆಗಸ್ಟ್ ತಿಂಗಳ ಚಳಿ, ಕಡಲು ಇಳಿದಿತ್ತು.
ಕಿವಿಯಿಟ್ಟೆ. ಬಲಕ್ಕೆ ಸರಿಸಿದೆ. ಇನ್ನೂ ಕೆಳಗೆ.
ಅವಳದೇ ರಕ್ತ ಗಾಳಿಯಂತೆ ಬೀಸುತ್ತಿತ್ತು, ಎಪ್ಪತ್ತೆಂಟು,
ಅದರ ಹಿಂದೆ ಏನೂ ಇರಲಿಲ್ಲ.
ನನ್ನ ಮುಖ ಅವಳ ಪಾದದ ಕಡೆಗಿತ್ತು.
ಈ ಕೊಳವೆ ಹಿಡಿದವರು ಹಾಗೇ ತಿರುಗಿರುತ್ತೇವೆ;
ಮೊದಲು ಹಾಗೆ ತಿರುಗಿದವಳಿಗೆ ಗೊತ್ತಿದ್ದಿರಬೇಕು, ಯಾಕೆಂದು.
ಇಡೀ ದ್ವೀಪದಲ್ಲಿ ನನಗೊಬ್ಬಳಿಗೇ ತಿಳಿದ ಸಂಗತಿ ಅದು.
ಎಷ್ಟು ಹೊತ್ತು? ಎಂಟು ಉಸಿರು.
ಅಷ್ಟು ಹೊತ್ತು ನೋಲ್ಫಾ ಇನ್ನೂ ಎರಡು ಜೀವದವಳು,
ಸೂರು ನೋಡುತ್ತ, ತೊಟ್ಟಿಲಿಗೆ ಒಂದು ಕುರಿತೊಗಲು
ಸಾಕಾಗುತ್ತದೋ ಇಲ್ಲವೋ ಎಂದು ಕೇಳುತ್ತ.
ಸಾಕಾಗುತ್ತದೆ ಅಂದೆ.
ಆಮೇಲೆ ತಿರುಗಿದೆ.

ಈ ಜನವರಿಗೆ ಯಂತ್ರ ಬಂದಿದೆ. ಮುಷ್ಟಿಯಷ್ಟು, ಬ್ಯಾಟರಿಯದು.
ಲೋಳೆ ಹಚ್ಚಿ ಒತ್ತಿದರೆ ಕೋಣೆ ತುಂಬ ಸದ್ದು.
ಬಸಿರಿ ತಾನೇ ಕೇಳುತ್ತಾಳೆ, ಅಳುತ್ತಾಳೆ, ಇನ್ನೊಂದ್ಸಲ ಅನ್ನುತ್ತಾಳೆ.
ಒಳ್ಳೆಯದು. ನೂರು ಸಲ ಒಳ್ಳೆಯದು.
ಆದರೆ ಸದ್ದಿಲ್ಲದ ದಿನ
ಆ ಇಲ್ಲವೂ ಇಬ್ಬರ ಮೇಲೂ ಒಟ್ಟಿಗೆ ಬೀಳುತ್ತದೆ,
ಒಂದು ಮುಖ ಹುಡುಕಿಕೊಳ್ಳಲು ಎಂಟು ಉಸಿರೂ ಸಿಗುವುದಿಲ್ಲ.

ಇವತ್ತು ನೋಲ್ಫಾ ಬಂದಿದ್ದಾಳೆ. ನಲವತ್ತೊಂದು ವರ್ಷ,
ಇಪ್ಪತ್ತಾರನೇ ವಾರ. ಯಾರಿಗೂ ಹೇಳಿಲ್ಲವಂತೆ,
ಹೇಳದಿದ್ದರೂ ಬೂಟು ಹೇಳುತ್ತದೆ.
ಯಂತ್ರ ತೆಗೆದೆ. ಕೈ ಹಿಡಿದಳು.
"ಮೊದಲು ನೀನು. ಮರದ್ದರಲ್ಲಿ."

ಉಣ್ಣೆ ಬಿಚ್ಚುತ್ತೇನೆ. ಹೊರಗೆ ಎಂಜಿನ್ ಆರುತ್ತದೆ.
ಅವಳು ಸೂರು ನೋಡುತ್ತಾಳೆ.
ನಾನು ಪಾದದ ಕಡೆ ತಿರುಗುತ್ತೇನೆ,
ದೊಡ್ಡ ಬೂಟಿನ ಹಿಮ್ಮಡಿಗೆ ಅಂಟಿಕೊಂಡ
ಒಂದೆಳೆ ಪಾಚಿ, ಇನ್ನೂ ಹಸಿ.