ದೇಚುವಿಗೆ ಒಂಬತ್ತು ಷೇರು

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ, ಬೇಕರಿಯ ಮಹಡಿ.
ಕೆಳಗೆ ಬನ್ನು ಬೇಯುವ ಘಮ.
ಮೇಲೆ ಜಲೀಲನ ಕಂಪ್ಯೂಟರಿನಲ್ಲಿ
ಹಸಿರು, ಕೆಂಪು, ಮತ್ತೆ ಹಸಿರು:
ಹಣ್ಣಾಗಲೋ ಬೇಡವೋ ಅನ್ನುವ ಕಾಫಿ ಕಾಯಿಗಳು.

"ಯಾರಿಗಕ್ಕ?"
ತಂಗಿಯ ಮೊಮ್ಮಗಳಿಗೆ. ಬರುವ ತಿಂಗಳು ಹದಿಮೂರು.
ಹಾಕಿಯಲ್ಲಿ ಗೋಲ್‌ಕೀಪರ್. ಮಾತು ಕಮ್ಮಿ,
ಮಂಡಿಯ ಮೇಲೆ ಗಾಯ ಜಾಸ್ತಿ.
ಬಳೆ ಕೊಟ್ಟರೆ ಡಬ್ಬಿಗೆ ಹೋಗುತ್ತದೆ,
ಫ್ರಾಕು ಮಳೆಗಾಲ ಮುಗಿಯುವುದರೊಳಗೆ ಗಿಡ್ಡ.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೂತು
ಅಮ್ಮತ್ತಿಯವರ ದುಡ್ಡಿಗೆಲ್ಲ ಮುದ್ರೆ ಒತ್ತಿದವಳು.
ಬಡ್ಡಿ ಗೊತ್ತು ನನಗೆ. ಇದು ಗೊತ್ತಿಲ್ಲ.

ವಿಸ್ಕಿ ಕಂಪನಿ ಏರ್ತಾ ಇದೆ, ಅಂದ ಜಲೀಲ.
ಅವಳಪ್ಪನ ಸಂಜೆಗಳಲ್ಲಿ
ನಮ್ಮ ಪಾಲು ಆಗಲೇ ಕಟ್ಟಿದ್ದೇವೆ, ಅಂದೆ.
ವಿಮಾನ? ನಾನು ಹತ್ತಿಲ್ಲ.
ಬಾವಿಯ ಪಂಪು ನೆನಪಾಯಿತು.
ನೆರೆಯಲ್ಲಿ ಮೂರು ದಿನ ಮುಳುಗಿದ್ದು,
ಬಿಸಿಲಿಗಿಟ್ಟ ಮೇಲೆ ಒಮ್ಮೆ ಕೆಮ್ಮಿ
ನೀರೆತ್ತಿತ್ತು.
ಆ ಕಂಪನಿ ಇದೆಯಾ ನೋಡು, ಕೊಯಮತ್ತೂರಿನದು.
ಇತ್ತು.
ನನ್ನ ಪರ್ಸಿಗೆ ಒಂಬತ್ತು ಷೇರು ದಕ್ಕಿದವು.

ಅವಳ ವಯಸ್ಸಿಗಿಂತ ಚಿಕ್ಕವಳಿದ್ದೆ, ಅಜ್ಜ
ಹಾಲುವಾಣದ ಮರವೊಂದನ್ನು ತೋರಿಸಿ
"ಇದರ ಮೆಣಸು ನಿನ್ನದು" ಅಂದಿದ್ದರು.
ಮರವಲ್ಲ, ಬಳ್ಳಿ ಮಾತ್ರ.
ಪ್ರತಿ ಕೊಯ್ಲಿಗೂ ಒಂದು ಲಕೋಟೆ, ಹೆಸರು ಬರೆದು.
ಏಳನೇ ವರ್ಷ ಸೊರಗು ರೋಗ; ಎಲೆ ಹಳದಿಯಾಗಿ
ವಾರದಲ್ಲಿ ಬಳ್ಳಿ ಬರೀ ಹಗ್ಗ.
ಆ ಸಲವೂ ಲಕೋಟೆ ಕೊಟ್ಟರು. ಖಾಲಿ.
"ಇದೂ ನಿನ್ನದೇ."

ಹದಿನೆಂಟಾಗುವವರೆಗೆ ಅಪ್ಪನ ಸಹಿ ಬೇಕಂತೆ.
ಬಂದ. ಇಸ್ತ್ರಿ ಮಾಡಿದ ಷರ್ಟು,
ಬೆಳಗಿನ ಒಂಬತ್ತಕ್ಕೇ, ಕೈ ನಡುಗದ ಹೊತ್ತು ನೋಡಿಕೊಂಡು.
ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ದೇಚು ಕಾಗದ ತಿರುಗಿಸಿ ತಿರುಗಿಸಿ ನೋಡಿದಳು.
"ತಾಯಿ," (ನಮ್ಮಲ್ಲಿ ಅಜ್ಜಿಯನ್ನು ಹಾಗೇ ಕರೆಯುವುದು)
"ಕಂಪನಿಯಲ್ಲಿ ಯಾವುದು ನನ್ನದು?
ಗೋಡೆನಾ? ಒಂದು ಬೋಲ್ಟಾ?"
ಅಂಚೆ ಇಲಾಖೆ ಇದನ್ನು ಕಲಿಸಿರಲಿಲ್ಲ.

ಎರಡು ವಾರಕ್ಕೆ ಜಲೀಲನ ಫೋನು: ಹನ್ನೊಂದು ರೂಪಾಯಿ ಇಳಿದಿದೆ.
ಮುಚ್ಚಿಡದೆ ಹೇಳಿದೆ.
ಏನೂ ಅನ್ನಲಿಲ್ಲ. ಅಭ್ಯಾಸ ಮುಗಿಸಿ ಬಂದ ಹಾಗೇ,
ಕಾಲಿನ ಪ್ಯಾಡು ಬಿಚ್ಚದೆ ಬಾವಿಯ ಕಡೆ ಹೋದಳು.
ಕಿಟಕಿಯಿಂದ ನೋಡುತ್ತೇನೆ,
ಗ್ಲೌಸು ಕಳಚಿ, ಪಂಪಿನ ಮೈಮೇಲೆ ಅಂಗೈ ಇಟ್ಟು
ನಿಂತಿದ್ದಾಳೆ,
ಜ್ವರ ಇದೆಯಾ ಎಂದು ನೋಡುವ ಹಾಗೆ.