ಪಾವಟಿಗಿ ಬುಡಕಿನ ಖೋಲಿ

ಸೇಡಂ ರೋಡಿನ ಒಳಗಲ್ಲಿಯಾಗ ಮನಿ ಕೊಂಡೆ.
ಕೊಂಡೆ ಅಂದ್ರ, ಬ್ಯಾಂಕಿನವ್ರು ಕೊಂಡ್ರು,
ನಾನು ಇಪ್ಪತ್ತೆರಡು ಕಡಿ ಸಹಿ ಮಾಡ್ದೆ.
ಹದಿನೇಳು ವರ್ಷ,
ತಿಂಗಳಿಗಿ ಹನ್ನೊಂದು ಸಾವಿರದ ನಾನೂರು.
ಪಗಾರ ಬಂದ ದಿನಾನೇ ಅರ್ಧ ರೊಕ್ಕ
ಹಿಂದಿನ ಬಾಗಲದಿಂದ ಇಳದು ಹೋಗ್ತಿತ್ತು,
ಟಿಕೇಟ್ ತಗೊಳ್ಳದ ಮಂದಿ ಹಂಗ.

ಎರಡು ತಿಂಗಳು ನೋಡ್ದೆ. ಆಮ್ಯಾಲ
ಮುಂದಿನ ಎರಡು ಖೋಲಿ ನಿಗಾರ್ ಬೇಗಂಗ ಕೊಟ್ಟೆ.
ಜಂಪರ್ ಹೊಲೀತಾಳ, ಒಬ್ಬಾಕಿ ಅತ್ತಿ, ಒಬ್ಬಾಕಿ ಮಗಳು.
ಮಾಳಿಗಿ ಮ್ಯಾಲಿಂದು ಚಿಂಚೋಳಿ ಕಡಿಯ ಇಬ್ಬರು ಹುಡುಗರಿಗಿ,
ಪಿಎಸ್‌ಐ ಪರೀಕ್ಷಾಕ್ಕ ಓದ್ಲತ್ತಾರ, ಇದು ಮೂರನೇ ಸಲ.
ನನಗ ಉಳದದ್ದು
ಪಾವಟಿಗಿ ಬುಡಕಿನ ಖೋಲಿ.
ಬಾಗಲ ಕಡಿ ನಿಲ್ಲಬಹುದು,
ಹಾಸಿಗಿ ಕಡಿ ಎದ್ರ ತಲಿ ಬಡೀತದ.
ಖಾಕಿ ಅಂಗಿ ತೂಗಾಕಲಿಕ್ಕಿ ಒಂದು ಮೊಳಿ,
ಅದರ ಬಾಜೂಕ ಬ್ಯಾಂಕಿನ ಕ್ಯಾಲೆಂಡರ್.

ಅವ್ವ ಬಂದು ನೋಡಿ ಬಾಗಲದಾಗೇ ಕೂತ್ಳು.
"ಮಾಲಕಿ ಆಗಿ ಇಲಿ ಬಿಲದಾಗ ಮಲಗ್ತೀಯಲ್ಲ, ಹುಚ್ಚಿ."
ಲೆಕ್ಕ ಹೇಳ್ದೆ:
ಕೆಳಗಿಂದು ಆರು, ಮ್ಯಾಲಿಂದು ನಾಕೂವರಿ,
ಕಡಿಮಿ ಬಿದ್ದ ಒಂಬೈನೂರು ನನ್ನ ಕಿರಾಯಿ.
ಒಂಬೈನೂರಕ್ಕ ಕಲಬುರಗಿಯಾಗ
ಕೋಳಿಗೂಡು ಯಾರು ಕೊಡ್ತಾರ ಹೇಳು?
ಅವ್ವ ಬೆರಳು ಎಣಿಸಿದ್ಳು, ಮತ್ತೊಮ್ಮಿ ಎಣಿಸಿದ್ಳು.
"ಇಲಿ ಶಾಣ್ಯಾ ಅದ" ಅಂದ್ಳು.

ಪಾವಟಿಗಿ ಹದಿಮೂರು.
ಏಳನೇದು ಸರಿಯಾಗಿ ನನ್ನ ಹಣಿ ಮ್ಯಾಲ.
ರಾತ್ರಿ ಒಂದಕ್ಕ ರೇವಣಸಿದ್ಧ ಚಹಾ ಕುಡೀಲಿಕ್ಕಿ ಇಳೀತಾನ,
ಚಪ್ಪಲಿ ಕೈಯಾಗ ಹಿಡದು, ಕಳ್ಳರ ಹಂಗ.
ಅಂವ ಏಳನೇದು ದಾಟಿ ಇಳಿಯೂತನಕ
ನಾನೂ ಉಸರು ಬಿಗಿ ಹಿಡೀತೀನಿ,
ಆ ಹುಡುಗನ ನಾಚಿಕಿ ಕೆಡಸಬಾರದಂತ.

ನಾಕು ದಿನಕ್ಕೊಮ್ಮಿ ನಳ ಬರ್ತದ.
ಯಾರ ಕೊಡ ಮೊದಲು, ಯಾರ ಬಕೀಟು ಆಮ್ಯಾಲ?
ಕಾಳಗಿ ಬಸ್ಸಿನಾಗ ನನಗ ಒಂದೇ ಮಾತು:
ಮುಂದ ಸರೀರಿ, ಮುಂದ ಜಾಗಾ ಅದ.
ಇಲ್ಲಿ ಫರಸಿ ಮ್ಯಾಲ ನಿಂತು ಯಾರಿಗಿ ಅನ್ಲಿ?
ಕೊಡ ಹೊತ್ಗೊಂಡು ನಾನೇ ಹಿಂದ ಸರೀತೀನಿ.

ಹನ್ನೊಂದು ಮನಿಯಾಗ ಕಿರಾಯಿ ಇದ್ದಾಕಿ ನಾನು.
ಒಬ್ಬಂವ ಬಾಗಲದಾಗಿನ ಚಪ್ಪಲಿ ಎಣಿಸ್ತಿದ್ದ,
ಒಬ್ಬಾಕಿ ಒಂಬತ್ತಕ್ಕ ಲೈಟ್ ತಗೀತಿದ್ಳು.
ಮೇ ತಿಂಗಳ ಒಂದು ಮಧ್ಯಾಹ್ನ, ಕರೆಂಟ್ ಬಿಲ್ ಕೈಯಾಗ,
ಆಕಿ ಧ್ವನಿ ನನ್ನ ಬಾಯಿಂದ ಬಂತು:
"ಮ್ಯಾಲ ಯಾರ್ರಪ, ಫ್ಯಾನ್ ಬಂದ್ ಮಾಡ್ರಿ!"
ಫ್ಯಾನ್ ಬಂದ್ ಆತು.
ಸುಮ್ಮ ಕೂತೆ. ಮಾಳಿಗಿ ಕಾದು ಹಂಚಾಗಿತ್ತು.
ಕಡೀಕ ಹದಿಮೂರೂ ಪಾವಟಿಗಿ ಓಡಿ ಹತ್ತಿ
ನಾನೇ ಬಟನ್ ಒತ್ತಿ ಬಂದೆ.
ಅವ್ರು ಪುಸ್ತಕದಿಂದ ತಲಿ ಎತ್ತಲಿಲ್ಲ.

ಪೈಲಾ ತಾರೀಖು ಬಂತಂದ್ರ ಎದಿ ಡವಡವ.
ದಿನಾ ಆರುನೂರು ಮಂದಿ ಹತ್ರ ರೊಕ್ಕ ಕೇಳೂವಾಕಿ,
ಎರಡು ರೂಪಾಯಿ ಚಿಲ್ಲರಕ್ಕ ಜಗಳ ಆಡೂವಾಕಿ,
ನನ್ನ ಮನಿ ಬಾಗಲ ನಾನೇ ಬಡೀಲಿಕ್ಕಿ ಕೈ ಎತ್ತಿ
"ಒಂದೀಟು ಸಕ್ಕರಿ ಅದೇನ್ರಿ?" ಅಂದೆ.
ಬಟ್ಟಲ ಸಕ್ಕರಿ ತಗೊಂಡು ಬಂದೆ.
ಮುಂದಿನ ತಿಂಗಳೂ ಸಕ್ಕರಿ.
ಮೂರನೇ ತಿಂಗಳು ನಿಗಾರ್ ಮಷೀನ್ ನಿಂದ್ರಿಸಿ
ಬಟ್ಟಲದಾಗ ನೋಟು ಇಟ್ಳು, ಬಾಯಾಗ ಸೂಜಿ ಹಿಡಕೊಂಡೇ ಅಂದ್ಳು:
"ಬಾಯಿ, ಹಿಂಗಾದ್ರ ನಿಮಗ ಸಕ್ಕರಿ ರೋಗ ಬರ್ತದ.
ಕಿರಾಯಿ ಬೇಕಾದ್ರ ಕಿರಾಯಿ ಅನ್ರಿ."

ನಿನ್ನಿ ಡ್ಯೂಟಿ ಮುಗಿಸಿ ಮಲಗಿದ್ದೆ.
ಏಳನೇ ಪಾವಟಿಗಿ ಮ್ಯಾಲ ಆಕಿ ಮಗಳು ಮೆಹಕ್,
ಜೊತಿಗೊಂದು ಹೊಸ ಗೆಳತಿ, ಇಬ್ಬರಿಗೊಂದು ಪೇರಲ.
"ಈ ಸಣ್ಣ ಬಾಗಲದಾಗ ಯಾರ ಅದಾರ?"
"ಕಂಡಕ್ಟರ್ ಮೌಸಿ. ನಮ್ಮ ಮನ್ಯಾಗ ಕಿರಾಯಿ ಅದಾಳ."
"ಎಷ್ಟು ಕೊಡ್ತಾಳ?"
ಮೆಹಕ್ ಪೇರಲ ಕಡದು ವಿಚಾರ ಮಾಡ್ದಳು.
"ಏನೂ ಕೊಡಲ್ಲ. ಸಕ್ಕರಿ ಒಯ್ತಾಳ."

ನಕ್ಕೋತ ಎದ್ದೆ,
ತಲಿ ಬಡೀತು.
ಮ್ಯಾಲಿಂದ ಇಬ್ಬರೂ ಕೇಳಿದ್ರು:
ಯಾರದು?