ಒಳಮೈ

ಸಾಲಗಾಮೆ ರಸ್ತೆಯ ಶೆಡ್ಡು, ರಾತ್ರಿ ಹನ್ನೊಂದು.
ಕರೆಂಟಿಲ್ಲ. ಟಾರ್ಚು ನನ್ನ ಕೈಲಿ.
ಎರಡೂವರೆ ಅಡಿ, ಅಷ್ಟೇ.
ಜ್ವರ ಅಂತ ಜಿಲ್ಲಾಸ್ಪತ್ರೆಗೆ ಹೋದ ಸಿಸಿಲಿಯ ಮಗು
ಬೆಳಿಗ್ಗೆ ಇದರಲ್ಲಿ ಮಲಗಬೇಕು.

ಉಪದೇಶಿ ಸಂಜೆಯೇ ಹೇಳಿಹೋದರು:
ದೇವರ ಚಿತ್ತ, ಅವನ ತೋಟದ ಹೂ ಅವನೇ ಕಿತ್ತ.
ಸಿಸಿಲಿ ಕೇಳಿಸಿಕೊಳ್ಳಲಿಲ್ಲ. ನನಗೆ ಕೇಳಿಸಿತು.
ಮೊಗ್ಗು ಚಿವುಟುವವನು ಎಂಥ ತೋಟದವನು?

ಇವರನ್ನೇ ಕೇಳಿದೆ, ಯಾಕೆ ಅಂತ.
ಮೊದಲೇ ಮಾತು ಕಮ್ಮಿ,
ಬಾಯಲ್ಲಿ ಮೊಳೆ ಬೇರೆ.

ಸಿಲ್ವರ್ ಓಕಿನ ಹಲಗೆಗಳು ಕೂಡಿದವು.
ಆಮೇಲೆ ಉಪ್ಪುಕಾಗದ ಹರಿದುಕೊಂಡು
ಒಳಗಡೆ ಉಜ್ಜತೊಡಗಿದರು,
ಮೂಲೆಮೂಲೆಗೂ ಬೆರಳು ತೂರಿಸಿ,
ಕಣ್ಣು ಮುಚ್ಚಿ.
ಒಳಗೆ ಯಾರ್ರೀ ನೋಡ್ತಾರೆ, ಅಂದೆ.
ಮೊಳೆ ಉಗಿದು,
ಚುಚ್ಚಬಾರದಲ್ಲ, ಅಂದರು.

ಅಷ್ಟೇ. ಮತ್ತೆ ಉಜ್ಜುವ ಸದ್ದು.

ಸ್ವಾಮೀ, ನೀನೂ ಬಡಗಿ.
ಯಾಕೆ ಅಂದರೆ ನೀನೂ ಹೇಳುವವನಲ್ಲ.
ಹೋಗಲಿ ಬಿಡು.
ಆದರೆ ಈ ಪೆಟ್ಟಿಗೆಯೊಳಗಿನ ಕತ್ತಲೆ
ನೀನೂ ಮೂರು ದಿನ ಮಲಗಿ ಎದ್ದ ಜಾಗ.
ಏಳುವ ಮೊದಲು
ಅಲ್ಲೆಲ್ಲ ಒಮ್ಮೆ ಕೈಯಾಡಿಸಿದ್ದೀ ತಾನೆ,
ಆ ತೂತುಬಿದ್ದ ಅಂಗೈಯಲ್ಲಿ,
ಹಿಂದೆ ಬರುವವರಿಗೆ
ಸಿಬಿರು ಉಳಿಯದ ಹಾಗೆ?